ಗಜಲಕ್ಷ್ಮಿ ಕಾರ್ಬೈನ್

ಚೊಳಚಗುಡ್ಡದಲ್ಲಿ ನಾಟಕದ ಹುಚ್ಚಿಲ್ಲದವರನ್ನು ಹುಡುಕಬೇಕೆಂದರೆ ತೊಟ್ಟಿಲಲ್ಲೇ ಹುಡುಕಬೇಕು. ಇದಕ್ಕೆ ಊರ ಮಗ್ಗುಲಲ್ಲಿರುವ ಬನಶಂಕರಿ ತಾಯಿಯೇ ಕಾರಣ. ಬೇರೆ ಊರುಗಳಲ್ಲಿ ತೇರು ಎಳೆದ ಎರಡು ದಿನಕ್ಕೆ ಜಾತ್ರೆ ಗಂಟುಮೂಟೆ ಕಟ್ಟುತ್ತದೆ. ನಮ್ಮಲ್ಲಿ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆಯೇ ಖರೇ ಜಾತ್ರೆ ಶುರು. ಹಗಲೆಲ್ಲ ಬಾಗಿಲು, ಚೌಕಟ್ಟುಗಳ ವ್ಯಾಪಾರ. ರಾತ್ರಿಯೆಲ್ಲ ನಾಟಕ ಕಂಪನಿಗಳ ಟೆಂಟು. ಹೊಸ ಮನೆ ಕಟ್ಟಿಸುವವನು ತಲೆಬಾಗಿಲು ಕೊಳ್ಳಲು ಬಂದು, ಮೂರು ನಾಟಕ ನೋಡಿ, ಬಾಗಿಲು ಮರೆತು ಹೋದ ಉದಾಹರಣೆಗಳೂ ಉಂಟು.

ಈ ಗಾಳಿ ಕುಡಿದು ಬೆಳೆದ ಊರು ಸುಮ್ಮನೆ ಕೂಡುತ್ತದೆಯೇ? ಕಂಪನಿಗಳು ಟೆಂಟು ಕಿತ್ತ ಮೇಲೆ ನಮ್ಮದೂ ಒಂದು ನಾಟಕ ಆಗಲೇಬೇಕು. ಅದು ಸಾಮಾಜಿಕವೇ ಇರಲಿ, ಕೌಟುಂಬಿಕವೇ ಇರಲಿ, ಕೊನೆಯ ಅಂಕದಲ್ಲಿ ಬಂದೂಕು ಹಾರಲೇಬೇಕು. ಗೌಡನ ಕೈಯಲ್ಲಾದರೂ ಸೈ, ಇನ್‌ಸ್ಪೆಕ್ಟರನ ಕೈಯಲ್ಲಾದರೂ ಸೈ. ಬಂದೂಕಿಲ್ಲದ ನಾಟಕಕ್ಕೆ ನಮ್ಮೂರಲ್ಲಿ ಪಟ್ಟಿ ಎತ್ತುವುದು ಕಷ್ಟ.

ಆ ಬಂದೂಕಾದರೂ ಎಂಥದು! ಒಂದು ಹಲಗೆ, ಕರಿ ಬಣ್ಣ ಬಳಿದ ಒಂದು ಪೈಪು. ಹೊಡೆಯುವವನು ಗುರಿ ಹಿಡಿಯುತ್ತಾನೆ. ಸಪ್ಪಳ ಸೈಡ್‌ವಿಂಗಿನಿಂದ ಬರುತ್ತದೆ. ಆ ಸಪ್ಪಳದ ಖಾತೆ ನನಗೆ ನೆನಪಿದ್ದಾಗಿನಿಂದ ಒಬ್ಬರೇ ಕಾಕಾನ ಕೈಯಲ್ಲಿದೆ. ಪಟಾಕಿಯ ಬತ್ತಿಗೆ ಬೀಡಿ ಮುಟ್ಟಿಸುವುದು ಅವರ ಪದ್ಧತಿ. ಬತ್ತಿ ಉದ್ದವಿದ್ದರೆ ಖಳನಾಯಕ ಸತ್ತು, ಪರದೆ ಬಿದ್ದು, ಹಾಸ್ಯ ದೃಶ್ಯ ಶುರುವಾದ ಮೇಲೆ ಗುಂಡು ಹಾರುತ್ತಿತ್ತು. ಬತ್ತಿ ಗಿಡ್ಡವಿದ್ದರೆ ನಾಯಕ ಬಂದೂಕು ಎತ್ತುವ ಮೊದಲೇ ಖಳನಾಯಕ ಬೀಳಬೇಕಾಗುತ್ತಿತ್ತು. ಕಾಕಾನ ಕೈಯಲ್ಲಿ ಸತ್ತವರಾರೂ ಸರಿಯಾದ ಹೊತ್ತಿಗೆ ಸತ್ತವರಲ್ಲ.

ಈ ಅವ್ಯವಸ್ಥೆಗೆ ವಿಜ್ಞಾನದ ಮೂಲಕ ಕೊನೆ ಹಾಡುವ ಹುಕಿ ನನಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನ್ಯೂಟನ್ನನ ಮೂರನೆಯ ನಿಯಮವನ್ನು ಎರಡು ತಲೆಮಾರಿಗೆ ಬಾಯಿಪಾಠ ಮಾಡಿಸಿದ್ದೇನೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರುತ್ತದೆಂದು ಕಪ್ಪುಹಲಗೆಯ ಮೇಲೆ ಬರೆಯುವುದು ಬೇರೆ, ಅದು ನಮ್ಮ ಹಣೆಗೆ ಬಡಿಯುವುದು ಬೇರೆ ಎಂಬುದು ಪಠ್ಯದಲ್ಲಿರಲಿಲ್ಲ.

ಹುಕಿಗೆ ಎಣ್ಣೆ ಸುರಿದವನು ನನ್ನ ಅಳಿಯ, ತಂಗಿಯ ಮಗ. ಈ ಸಲದ ನಾಟಕದಲ್ಲಿ ಗಡಿಯಿಂದ ರಜೆಗೆ ಬಂದ ಯೋಧನ ಪಾತ್ರ ಅವನದು. "ಮಾಮಾ, ಈ ಹಲಗಿ ಹಿಡಕೊಂಡು ನಾ ಸ್ಟೇಜಿಗೆ ಹೋಗಂಗಿಲ್ಲ. ಯೋಧನ ಕೈಯಾಗ ಕಾರ್ಬೈನ್ ಇರಬೇಕು. ಕುದುರಿ ಎಳದ್ರ ಬೋಲ್ಟ್ ಹಿಂದ ಮುಂದ ಆಡಬೇಕು, ಸಪ್ಪಳ ಅದರೊಳಗಿಂದನ ಬರಬೇಕು" ಎಂದು ಮೊಬೈಲು ತೆರೆದು ಮುಂದೆ ಹಿಡಿದ.

ಅದರಲ್ಲಿ ಅಮೆರಿಕದ ಒಬ್ಬ ಪುಣ್ಯಾತ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಕಾರ್ಬೈನ್ ಜೋಡಿಸುತ್ತಿದ್ದ. ಅಲ್ಲಿ ಬಂದೂಕಿನ ಬಿಡಿಭಾಗಗಳನ್ನು ನಾವು ಪಂಪ್‌ಸೆಟ್ಟಿನ ವಾಷರು ತಂದಷ್ಟೇ ಸಲೀಸಾಗಿ ತರಿಸಿಕೊಳ್ಳುತ್ತಾರಂತೆ. ಆದರೆ ಆತ ನಳಿಕೆಯ ಬಗ್ಗೆಯಾಗಲಿ ಕುದುರೆಯ ಬಗ್ಗೆಯಾಗಲಿ ಚಿಂತಿಸುತ್ತಿರಲಿಲ್ಲ. ಬೆರಳುದ್ದದ ಒಂದು ಲೋಹದ ಬುಡ್ಡಿಯನ್ನು ಅಂಗೈಯಲ್ಲಿ ತೂಗಿ ನೋಡುತ್ತಾ, ಯಾವುದನ್ನು ಹಾಕಲಿ ಎಂದು ಮಗಳಿಗೆ ವರ ನೋಡುವ ತಂದೆಯ ಮುಖ ಮಾಡಿಕೊಂಡಿದ್ದ. ಅದರ ಹೆಸರು ಬಫರ್.

ವಿಷಯ ಹೀಗಿದೆ. 1950ರ ದಶಕದ ಕೊನೆಯಲ್ಲಿ ಯೂಜಿನ್ ಸ್ಟೋನರ್ ಎಂಬ ಎಂಜಿನಿಯರ್ ಆರ್ಮಲೈಟ್ ಕಂಪನಿಗೆ ಎಆರ್-15 ಎಂಬ ರೈಫಲು ರೂಪಿಸಿದ. ಗುಂಡು ಹಾರಿದಾಗ ನಳಿಕೆಯಲ್ಲಿ ಹುಟ್ಟಿದ ಅನಿಲದ ಒಂದು ಪಾಲು ಹಿಂದಕ್ಕೆ ಬಂದು ಬೋಲ್ಟನ್ನು ನೂಕುತ್ತದೆ. ಹಾಗೆ ನೂಕಿಸಿಕೊಂಡು ರಭಸದಿಂದ ಹಿಂದೆ ಬರುವ ಬೋಲ್ಟನ್ನು ಯಾರಾದರೂ ಹಿಡಿದು, ಸಮಾಧಾನ ಮಾಡಿ, ತಿರುಗಿ ಮುಂದಕ್ಕೆ ಕಳಿಸಬೇಕಲ್ಲ? ಅದಕ್ಕೆ ಸ್ಟೋನರ್ ಹಿಡಿಕೆಯ ಒಳಗೇ ಒಂದು ಕೊಳವೆ ಇಟ್ಟು, ಅದರಲ್ಲಿ ಉದ್ದನೆಯ ಸ್ಪ್ರಿಂಗು, ಸ್ಪ್ರಿಂಗಿನ ತಲೆಗೆ ತೂಕದ ಬುಡ್ಡಿ ಕೂರಿಸಿದ. ಬುಡ್ಡಿ ಹಗುರಾದರೆ ಬೋಲ್ಟು ಓಡಿ ಹೋಗಿ ಓಡಿ ಬರುತ್ತದೆ, ಬಂದು ಕೂತಲ್ಲಿ ಪುಟಿಯುತ್ತದೆ. ಭಾರವಾದರೆ ಪೂರ್ತಿ ಹಿಂದೆ ಬರದೆ ನಡುದಾರಿಯಲ್ಲೇ ಸುಸ್ತಾಗುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಇದೇ ರೈಫಲಿನ ಸೈನಿಕ ರೂಪವಾದ ಎಂ-16ರ ತೋಟಾದಲ್ಲಿ ಮದ್ದು ಬದಲಾಯಿಸಿದ್ದೇ ನೆಪವಾಗಿ ಬಂದೂಕು ಬೇಕಾದ್ದಕ್ಕಿಂತ ಜೋರಾಗಿ ಬಡಿದುಕೊಳ್ಳತೊಡಗಿ, ಅಮೆರಿಕದ ಸೈನ್ಯವೇ ಹಗುರ ಬಫರು ತೆಗೆದು ಭಾರದ್ದು ಹಾಕಬೇಕಾಯಿತು. ಮುಂದೆ ರೈಫಲನ್ನು ಮೋಟು ಮಾಡಿ ಕಾರ್ಬೈನ್ ಮಾಡಿದಾಗ ಹಿಡಿಕೆಯೂ ಗಿಡ್ಡಾಯಿತು, ಸ್ಪ್ರಿಂಗೂ ಗಿಡ್ಡಾಯಿತು, ತಕರಾರು ಮಾತ್ರ ಉದ್ದವಾಯಿತು. ಈಗ ಮಾಮೂಲಿ ಕಾರ್ಬೈನ್ ಬಫರು 3 ಔನ್ಸು, ಅಂದರೆ ಸುಮಾರು 85 ಗ್ರಾಂ. ಅದರ ಮೇಲೆ ಎಚ್, ಎಚ್-2, ಎಚ್-3 ಎಂದು 5 ಔನ್ಸು ದಾಟುವವರೆಗೂ ಮೆಟ್ಟಿಲು ಮೆಟ್ಟಿಲಾಗಿ ತೂಕ ಏರುತ್ತದೆ. ಒಳಗೆ ಉಕ್ಕಿನ ತುಂಡು ತೆಗೆದು ಟಂಗ್‌ಸ್ಟನ್ ತುಂಡು ತುಂಬುತ್ತಾ ಹೋಗುತ್ತಾರೆ. ಯಾವುದು ಒಳ್ಳೆಯದೆಂಬ ವಾದ ನಮ್ಮಲ್ಲಿ ಜೋಳದ ರೊಟ್ಟಿ ಮೆತ್ತಗೆ ಇರಬೇಕೋ ಕಟಕ್ ಇರಬೇಕೋ ಎಂಬುದರಷ್ಟೇ ಹಳೆಯದು, ಅಷ್ಟೇ ಬಗೆಹರಿಯದ್ದು.

"ಇಷ್ಟ ಮಾಮಾ. ಒಂದು ಬಫರ್ ಸಿಸ್ಟಮ್ ಸರಿ ಆತಂದ್ರ ಉಳದದ್ದೆಲ್ಲಾ ಬಡಿಗ್ಯಾರ ಅಣ್ಣ ಮಾಡ್ತಾನ" ಎಂದ ಅಳಿಯ.

ಇಲ್ಲಿ ಓದುಗರು ಗಾಬರಿಯಾಗಬಾರದು. ಅಮೆರಿಕದವನ ಗ್ಯಾರೇಜು ಅಮೆರಿಕದಲ್ಲಿದೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ 5ನೇ ಕಲಮು ಲೈಸೆನ್ಸಿಲ್ಲದೆ ಬಂದೂಕು ತಯಾರಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯಾದ ಮೇಲೆ ಅದಕ್ಕೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಆಯುಧ ಕಾಯ್ದೆಗೂ ನಮ್ಮ ಜಿಲ್ಲೆಗೂ ಹಳೆಯ ಲೆಕ್ಕವೊಂದಿದೆ. 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸಿರೆಂದಾಗ ಒಪ್ಪದೆ ಸಿಡಿದೆದ್ದವರು ಮುಧೋಳದ ಬಳಿಯ ಹಲಗಲಿಯ ಬೇಡರು. ಆ ಕತೆಯ ಲಾವಣಿ ಕೇಳಿ ಬೆಳೆದವರು ನಾವು. ಆ ರಕ್ತದ ಒಂದು ಹನಿಯೂ ನನ್ನಲ್ಲಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಕಾಯ್ದೆಯ ಪುಟ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾದ ಕೂಡಲೇ ಬಂದೂಕಿನ ನಳಿಕೆಯನ್ನು ತೂತೇ ಇಲ್ಲದ ಗಟ್ಟಿ ಕಟ್ಟಿಗೆಯಲ್ಲಿ ಮಾಡತಕ್ಕದ್ದು ಎಂದು ಅಳಿಯನಿಗೆ ಬರೆದುಕೊಟ್ಟೆ. ಗುಂಡು ಇಲ್ಲ, ಮದ್ದು ಇಲ್ಲ. ಬೋಲ್ಟು ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸುವುದು; ಕುದುರೆ ಒತ್ತಿದರೆ ಅದು ಮುಂದೆ ಹಾರಿ ದೀಪಾವಳಿಯ ಕೇಪಿನ ಮೇಲೆ ಬಡಿಯುವುದು. ಠಪ್! ಇಷ್ಟೇ.

ಬಡಿಗ್ಯಾರ ಅಣ್ಣ ಬನಶಂಕರಿ ಜಾತ್ರೆಗೆ ಚೌಕಟ್ಟು ಮಾಡುವವನು. ಅವನ ಮನೆತನವೇ ಬಾಗಿಲಿನದು. ನಾನು ನಕ್ಷೆ ಕೊಟ್ಟಾಗ ಆಚೀಚೆ ತಿರುಗಿಸಿ, "ಎಷ್ಟ ಫೂಟಿಂದ್ರಿ ಸರ? ಹೊಸ್ತಿಲ ಬೇಕೇನ್ರಿ?" ಎಂದ. ಬಂದೂಕು ಎಂದು ಹೇಳಿದೆ. "ಹಂಗಾದ್ರ ಹೊಸ್ತಿಲ ಬ್ಯಾಡ ಬಿಡ್ರಿ" ಎಂದು ಒಪ್ಪಿಕೊಂಡ. ಉಳಿದ ಸಾಗವಾನಿ ತುಂಡಿನಲ್ಲಿ ಕೆತ್ತಿ, ಪಾಲಿಶು ಹೊಡೆದು, ಅರಿವೆ ಮುಚ್ಚಿ ತಂದುಕೊಟ್ಟ. ತೆಗೆದು ನೋಡಿದರೆ, ನನ್ನ ನಕ್ಷೆಯಂತೆ ಎಲ್ಲವೂ ಸರಿ ಇದೆ. ಆದರೆ ಹಿಡಿಕೆಯ ಎರಡೂ ಬದಿಗೆ ಬಳ್ಳಿ, ನಡುವೆ ಗಜಲಕ್ಷ್ಮಿ. ಎರಡು ಆನೆ ಸೊಂಡಿಲೆತ್ತಿ ನೀರು ಸುರಿಯುತ್ತಿವೆ.

"ಇದ್ಯಾಕೋ ಅಣ್ಣಾ?"

"ಬರೇ ಕಟಗಿ ಕೊಡಾಕ ಮನಸ್ಸಾಗ್ಲಿಲ್ರಿ. ಇದಕ್ಕ ರೊಕ್ಕ ಬ್ಯಾಡ."

ಲಕ್ಷ್ಮಿಯನ್ನು ಕೆತ್ತಿ ತೆಗೆ ಎನ್ನಲು ನನ್ನ ಹೆಂಡತಿ ಬಿಡಲಿಲ್ಲ. ಹೀಗೆ ಭಾರತೀಯ ಸೇನೆಯ ಇತಿಹಾಸದಲ್ಲಿ ಇಲ್ಲದ ಒಂದು ಆಯುಧ ನಮ್ಮ ಪಡಸಾಲೆಗೆ ಬಂತು. ಬಂದವರೆಲ್ಲ ಮೊದಲು ಕೈ ಮುಗಿದು ಆಮೇಲೆ ಕುದುರೆ ಒತ್ತುತ್ತಿದ್ದರು.

ಇನ್ನು ಬಫರಿನ ಆಯ್ಕೆ. ಸ್ಪ್ರಿಂಗಿಗಾಗಿ ಸೈಕಲ್ ಸೀಟು ಬಿಚ್ಚಿದೆ. ತೂಕಕ್ಕೆ ಮಲಪ್ರಭೆಯಲ್ಲಿ ಬಲೆ ಬೀಸುವವರ ಹತ್ತಿರ ಸೀಸದ ಗುಂಡು ಕೇಳಿ ತಂದೆ. 85 ಗ್ರಾಂ ಆಗಬೇಕು ಎಂದು ತಕ್ಕಡಿಯಲ್ಲಿ ತೂಗತೊಡಗಿದಾಗ ಅಳಿಯ ತಡೆದ. "ಮಾಮಾ, ಮೊದಲು ತೂಕ ಇಲ್ಲದ ನೋಡೂಣು. ವಿಜ್ಞಾನದಾಗ ಒಂದೊಂದ ಬದಲಿ ಮಾಡಿ ನೋಡಬೇಕಂತ ನೀವ ಹೇಳ್ತಿದ್ರಿ." ನನ್ನ ಪಾಠ ನನಗೇ ತಿರುಗಿ ಬಂದಾಗ ಬೇಡವೆನ್ನಲು ಆಗಲಿಲ್ಲ.

ಹಿತ್ತಲ ಬಾಗಿಲಿಗೆ ಮುಖ ಮಾಡಿ ಕೂತೆ. ಬೋಲ್ಟು ಎಳೆದು ಸಿಕ್ಕಿಸಿದೆ. ಕುದುರೆ ಒತ್ತಿದೆ. ಬೋಲ್ಟು ಮುಂದೆ ಹೋಗಿ ಕೇಪಿಗೆ ಬಡಿದದ್ದು ನಿಜ. ಆದರೆ ಅಲ್ಲಿ ನಿಲ್ಲದೆ ಪುಟಿದು, ಹಿಂದೆ ಬಂದು, ಸ್ಪ್ರಿಂಗಿಗೆ ಒದ್ದು, ಸ್ಪ್ರಿಂಗು ಅದಕ್ಕೆ ಒದ್ದು, ಮೇಲಿನ ಸೀಳಿನಿಂದ ಹೊರಬಿದ್ದು, ಕಾಂಪೌಂಡು ದಾಟಿ ಪಕ್ಕದ ಮನೆಗೆ ಹೋಯಿತು. ನ್ಯೂಟನ್ನನಿಗೆ ಲೆಕ್ಕ ಹಾಕಲು ಪುರುಸೊತ್ತು ಸಿಗಲಿಲ್ಲ. ಆ ಕಡೆಯಿಂದ ಮಣ್ಣಿನ ಗಡಿಗೆ ಒಡೆದ ಸಪ್ಪಳ ಕೇಳಿತು. ಅದು ಕೇಪಿಗಿಂತ ಚೆನ್ನಾಗಿ ಕೇಳಿತು.

ಪಕ್ಕದ ಮನೆಯ ಅಕ್ಕ ಬನಶಂಕರಿ ಗುಡಿಯ ಮುಂದೆ ರೊಟ್ಟಿ ಬುಟ್ಟಿ ಹೊತ್ತು ಮಾರುವವಳು. ಕಟಕ ರೊಟ್ಟಿ, ಕೆಂಪು ಚಟ್ನಿ, ಕಾಳು ಪಲ್ಯ, ಗಡಿಗೆ ಮೊಸರು. ಹರಿದ್ರಾ ತೀರ್ಥದ ಹೊಂಡದ ಕಡೆ ಬಂದ ಪ್ರವಾಸಿಗರು ಅವಳ ಮೊಸರಿಗೆ ಸೋಲದೆ ಹೋದದ್ದಿಲ್ಲ. ಆ ಮೊಸರು ಈಗ ಅಂಗಳದಲ್ಲಿ ಹರಿದಿತ್ತು. ಅಕ್ಕ ಗೋಡೆಯ ಮೇಲಿಂದ ಬೋಲ್ಟು ತೋರಿಸಿ ಕೇಳಿದಳು:

"ಮಾಸ್ತರ, ಪಾಕಿಸ್ತಾನ ಈ ಕಡೆ ಐತಿ ಅಂತ ನಿಮಗ್ಯಾರ ಹೇಳ್ಯಾರ್ರಿ?"

ಗಡಿಗೆಯ ದುಡ್ಡು, ಮೊಸರಿನ ದುಡ್ಡು, ಅವತ್ತಿನ ವ್ಯಾಪಾರದ ದುಡ್ಡು ಕೊಟ್ಟೆ. ಹೆಂಡತಿ ಅದರ ಮೇಲೆ ದಂಡವೆಂದು ಮನೆಯ ಮೊಸರಿನ ಗಡಿಗೆಯನ್ನೂ ಅವಳಿಗೇ ಕೊಟ್ಟು, ಎರಡು ದಿನ ನಮಗೆ ಮೊಸರಿಲ್ಲದ ಊಟ ಬಡಿಸಿದಳು.

ಪುಟಿಯುವುದು ಸ್ಪ್ರಿಂಗಿನ ಸೊಕ್ಕು, ಇದಕ್ಕಿಂತ ಗಟ್ಟಿ ಸ್ಪ್ರಿಂಗು ಹಾಕಿದರೆ ಬೋಲ್ಟು ಕೂತಲ್ಲಿ ಕೂತಿರುತ್ತದೆ ಎಂಬ ತರ್ಕ ನನ್ನದು. ಈಗ ಬರೆಯುವಾಗಲೂ ಅದರಲ್ಲೇನೋ ಹುರುಳಿದೆ ಅನ್ನಿಸುತ್ತದೆ. ಬಾದಾಮಿಯ ಗುಜರಿಯಲ್ಲಿ ಹಳೆಯ ಮೊಪೆಡ್ಡಿನ ಶಾಕಪ್ಸರ್ ಸಿಕ್ಕಿತು. ಬಿಚ್ಚಿ ಸ್ಪ್ರಿಂಗು ತೆಗೆದು ತುರುಕಿದೆವು. ಬೋಲ್ಟು ಅಲುಗಾಡದಂತೆ ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ ಹಿಂದಕ್ಕೆ ಎಳೆಯಲು ಬರಲೇ ಇಲ್ಲ. ಅಳಿಯ ಎಳೆದ, ನಾನು ಅಳಿಯನನ್ನು ಹಿಡಿದು ಎಳೆದೆ, ಬಡಿಗ್ಯಾರ ಅಣ್ಣ ಬಂದೂಕನ್ನು ಕಾಲಲ್ಲಿ ಒತ್ತಿ ಹಿಡಿದ. ಗಡಿಯಲ್ಲಿ ಶತ್ರು ಎದುರಿಗೆ ಬಂದಾಗ ಯೋಧ ಪ್ರೇಕ್ಷಕರ ನಡುವಿನಿಂದ ಇಬ್ಬರು ಗಟ್ಟಿ ಆಳುಗಳನ್ನು ವೇದಿಕೆಗೆ ಕರೆಯುವುದು ದೇಶದ ಮಾನದ ಪ್ರಶ್ನೆ ಎಂದು ನಾಟಕದ ಮಾಸ್ತರರು ಬೇಡವೆಂದರು.

ತೂಕ ಹಾಕುವ ಪ್ರಯೋಗವನ್ನೂ ಮಾಡಿದೆವು. ಸೀಸ 85 ಗ್ರಾಂ ಸಾಲದೆಂದು 100 ಆಯಿತು, 150 ಆಯಿತು. ಕೊನೆಗೆ ಕಿರಾಣಿ ಅಂಗಡಿಯ ಕಬ್ಬಿಣದ ಕಾಲು ಕಿಲೋ ಕಲ್ಲನ್ನೇ ಕಟ್ಟಿದೆವು. ಅಂಗಡಿಯವರು ಸಂಜೆಗೆ ಬಂದು, "ಸರ, ನಿಮ್ಮ ಯುದ್ಧ ಮುಗೀತಂದ್ರ ನಮ್ಮ ಕಲ್ಲ ಕೊಡ್ರಿ, ಬ್ಯಾಳಿ ತೂಗಬೇಕು" ಎಂದರು.

ಈ ಹಂತದಲ್ಲಿ ಇಳಕಲ್ಲಿನಲ್ಲಿರುವ ನನ್ನ ಷಡ್ಡಕರು ಫೋನಿನಲ್ಲಿ ನಕ್ಕು ಒಂದು ಮಾತು ಹೇಳಿದರು: "ಬಫರ್ ಹುಡಕಾಕ ಅಮೇರಿಕಕ್ಕ ಯಾಕ ಹೋಗ್ತೀರಿ? ನಮ್ಮ ಓಣ್ಯಾಗಿನ ಎಲ್ಲಾ ಮಗ್ಗಕ್ಕೂ ಬಫರ್ ಅದಾವ. ಬರ್ರಿ."

ಹೊರಟೆ. ಬಂದೂಕನ್ನು ಹೆಂಡತಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಲಗೇಜು ಚೀಟಿ ಹರಿಯುತ್ತ ಏನು ಎಂದು ಕೇಳಿದರು. ನಾನು ಮೆಲ್ಲಗೆ "ನಾಟಕದ ಬಂದೂಕು" ಎಂದೆ. 'ನಾಟಕದ' ಎಂಬುದು ಎಂಜಿನ್ನಿನ ಸದ್ದಿಗೆ ಹೋಯಿತು. 'ಬಂದೂಕು' ಮಾತ್ರ ಉಳಿಯಿತು. ಹಿಂದಿನ ಸೀಟಿನ ಅಜ್ಜಿ ಕೋಳಿ ಸಮೇತ ಮುಂದಿನ ಬಾಗಿಲಿಗೆ ಹೋದಳು. ಮೂರು ಸೀಟು ನನ್ನೊಬ್ಬನಿಗೇ ಸಿಕ್ಕಿತು. ಅಲ್ಲಿ ಬಂದು ಧೈರ್ಯವಾಗಿ ಕೂತವರು ಒಬ್ಬರೇ, ಖಾಕಿ ಪ್ಯಾಂಟಿನ ಮೇಲೆ ಬನಿಯನ್ ಹಾಕಿಕೊಂಡು ರಜೆಗೆ ಹೊರಟ ಪೊಲೀಸ್ ಪೇದೆ.

"ತೆಗೀರಿ ನೋಡೂಣು" ಎಂದರು. ನನ್ನ ಕೈ ನಡುಗಿ ಸೀರೆಯ ಸೆರಗೇ ಸಿಗಲಿಲ್ಲ. 7 ವರ್ಷ, ಜೀವಾವಧಿ ಎಂದು ಬಾಯಲ್ಲಿ ಮಗ್ಗಿ ಓಡುತ್ತಿತ್ತು. ಬಂದೂಕು ಹೊರಬಂತು. ಅವರು ನಳಿಕೆಗೆ ಬೆರಳಿಟ್ಟು ಗಟ್ಟಿ ಕಟ್ಟಿಗೆ ಎಂದು ನೋಡಿದರು, ತಿರುಗಿಸಿದರು, ಗಜಲಕ್ಷ್ಮಿಯನ್ನು ಕಂಡರು. ಬಹಳ ಹೊತ್ತು ಏನೂ ಹೇಳಲಿಲ್ಲ.

"ಇದು ಯಾವ ಬಟಾಲಿಯನ್‌ದ್ರಿ?"

ನಾನು ನಾಟಕದ ಕತೆಯನ್ನೆಲ್ಲ ಒದರಿದೆ. ಆಮೇಲೆ ಅವರು ನನ್ನನ್ನು ಹಿಡಿಯಲಿಲ್ಲ. ನನ್ನ ಬಂದೂಕಿನ ತಪ್ಪುಗಳನ್ನು ಹಿಡಿದರು. ಅವರು ಹಿಂದೆ ಕಾವಲು ಡ್ಯೂಟಿಯಲ್ಲಿ ಕಾನ್ಪುರದ ಕಾರ್ಖಾನೆಯ 9 ಎಂ.ಎಂ. ಕಾರ್ಬೈನ್ ಹಿಡಿದವರು. ಬ್ರಿಟಿಷರ ಸ್ಟರ್ಲಿಂಗ್ ಮಾದರಿಯದು. "ಅದರ ಮ್ಯಾಗಜಿನ್ ಎಡಗಡೆ ಅಡ್ಡ ಇರತೈತ್ರಿ, ಕೆಳಗ ಅಲ್ಲ. ಬಫರ್ ಗಿಫರ್ ಏನೂ ಇಲ್ಲ ಅದರಾಗ. ಬೋಲ್ಟ್ ಅನ್ನೋದ ಒಂದ ಕಬ್ಬಿಣದ ಗುಂಡಕಲ್ಲ ಇದ್ದಂಗ. ಹಿಂದ ಸ್ಪ್ರಿಂಗ್ ಇರತೈತಿ. ಅದರ ವಜ್ಜಾನ ಎಲ್ಲಾ ಕೆಲಸ ಮಾಡತೈತಿ. ನಿಮ್ಮ ಯೋಧ ನಮ್ಮ ದೇಶದವನೋ ಅಮೇರಿಕದವನೋ?"

ಈ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ. ಕತೆ ನಡೆಯುವುದು ನಮ್ಮ ಗಡಿಯಲ್ಲಿ, ಬಂದೂಕು ಸ್ಟೋನರನದು, ಆನೆ ಬನಶಂಕರಿಯವು. ಇಳಿಯುವ ಮುನ್ನ ಅವರು, "ನಾಟಕದ ದಿನ ಊರ ಠಾಣೆಗೆ ಒಂದ ಮಾತ ಹೇಳಿಡ್ರಿ. ಕತ್ತಲಾಗ ಯಾರಿಗೂ ಲಕ್ಷ್ಮಿ ಕಾಣಂಗಿಲ್ಲ" ಎಂದರು. ಆ ಮಾತಿನಂತೆ ಮಾಡಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಇಳಕಲ್ಲಿನಲ್ಲಿ ಪವರ್‌ಲೂಮ್ ಶೆಡ್ಡಿನ ಹೊರಗೇ ನಿಂತರೆ ಎದೆ ಅದುರುತ್ತದೆ. ಒಳಗೆ ಲಾಳಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಹಾರುತ್ತದೆ. ತೊಗಲಿನ ಪಿಕ್ಕರ್ ಅದಕ್ಕೆ ಒದೆ ಕೊಡುತ್ತದೆ. ಆ ಕಡೆ ಮುಟ್ಟಿದಾಗ ಪುಟಿಯದಂತೆ ತಡೆದು ನಿಲ್ಲಿಸಬೇಕು. ತಡೆಯುವುದು ಸಡಿಲವಾದರೆ ಲಾಳಿ ಪುಟಿದು ಪೆಟ್ಟಿಗೆಯಿಂದ ಹಿಂದೆ ಸರಿಯುತ್ತದೆ, ಮುಂದಿನ ಒದೆ ಸರಿಯಾಗಿ ಬೀಳದೆ ನಡುವೆಯೇ ನಿಲ್ಲುತ್ತದೆ, ಹಾಸಿನ ಎಳೆ ಹರಿಯುತ್ತದೆ. ಕೆಲವು ಸಲ ಲಾಳಿ ಮಗ್ಗವನ್ನೇ ಬಿಟ್ಟು ಹಾರುವುದೂ ಉಂಟು. ಗೋಡೆಯ ಗಿಲಾವಿನಲ್ಲಿ ಅದರ ಮೂತಿಯ ಗುರುತುಗಳನ್ನು ಷಡ್ಡಕರು ತೋರಿಸಿದರು. ನನಗೆ ಮೊಸರಿನ ಗಡಿಗೆ ನೆನಪಾಗಿ ಸಮಾಧಾನವಾಯಿತು. ಈ ಗುಟ್ಟುಗಳನ್ನೆಲ್ಲ ಬಲ್ಲವನು ಮಗ್ಗಗಳ ರಿಪೇರಿ ಮಾಡುವ ಜಾಬರ್. ಕೈಗೆ ಎಣ್ಣೆ, ಕಿವಿಗೆ ಅರಳೆ. ಮಾತಾಡಬೇಕೆಂದರೆ ಒದರಬೇಕು.

ಅವನು ಬಂದೂಕನ್ನು ಮಗ್ಗದ ಒಂದು ಭಾಗವೆಂದೇ ನೋಡಿದ. ಬೋಲ್ಟು ಎಳೆದ, ಬರಲಿಲ್ಲ, ಇನ್ನೊಮ್ಮೆ ಎಳೆದ. ಹೆಬ್ಬೆರಳಿನಿಂದ ಸ್ಪ್ರಿಂಗು ಒತ್ತಿ ನೋಡಿದ. ನಾನು ಸ್ಟೋನರ್, ಟಂಗ್‌ಸ್ಟನ್, ಔನ್ಸು ಎಂದೆಲ್ಲ ಹೇಳುತ್ತಿದ್ದೆ; ಅವನ ಕಿವಿಯಲ್ಲಿ ಅರಳೆ ಇತ್ತು.

"ಎಷ್ಟ ವರ್ಷ ಓಡಬೇಕ್ರಿ ಇದು?"

"ಒಂದೇ ರಾತ್ರಿ."

"ಒಂದ ರಾತ್ರಿ ಓಡೂ ಮಗ್ಗಕ್ಕ ಇಷ್ಟ ದೊಡ್ಡ ಸ್ಪ್ರಿಂಗ್ ಯಾಕ್ರಿ? ಮೊದಲ ಒದೀ ಕಮ್ಮಿ ಮಾಡ್ರಿ. ಆಮ್ಯಾಲ ತಡಿಯೂ ವಿಚಾರ ಮಾಡ್ರಿ. ಒದಿಯೋದು ಜೋರ ಇಟಗೊಂಡು ತಡಿಯಾಕ ಹೊಂಟ್ರ ಎರಡೂ ಕೂಡಿ ಮಗ್ಗ ಮುರಿತಾವ."

ಬಲ್ಲ ಅಮೆರಿಕದವರು ಹೇಳುವುದೂ ಇದೇ ಎಂದು ಅಳಿಯ ಆಮೇಲೆ ಮೊಬೈಲಿನಲ್ಲಿ ಹುಡುಕಿ ತೋರಿಸಿದ. ಕಾರ್ಬೈನ್ ವಿಪರೀತ ಬಡಿದುಕೊಳ್ಳುತ್ತಿದ್ದರೆ ನಳಿಕೆಯಿಂದ ಬರುವ ಅನಿಲ ಹೆಚ್ಚಾಗಿದೆಯೇ ಎಂದು ಮೊದಲು ನೋಡಬೇಕು. ಅದನ್ನು ಬಿಟ್ಟು ಬಫರಿನ ತೂಕ ಏರಿಸುತ್ತಾ ಹೋಗುವುದು ರೋಗ ಬಿಟ್ಟು ಜ್ವರಕ್ಕೆ ಔಷಧ ಕೊಟ್ಟಂತೆ. ಆ ವಿಡಿಯೊ ಒಂದು ಗಂಟೆಯದು. ಜಾಬರ್ ಒಂದು ಲಾಳಿ ಹೋಗಿ ಬರುವುದರೊಳಗೆ ಹೇಳಿದ್ದ.

ಅವನು ಮೊಪೆಡ್ಡಿನ ಸ್ಪ್ರಿಂಗು ಕಿತ್ತು ಬಿಸಾಡಿದ. ತನ್ನ ಡಬ್ಬಿಯಿಂದ ಮೆತ್ತಗಿನದೊಂದು ತೆಗೆದು ಹಾಕಿದ. ಮಗ್ಗದಿಂದ ತೆಗೆದಿಟ್ಟಿದ್ದ ಹಳೆಯ ತೊಗಲಿನ ಬಫರನ್ನು ಕತ್ತರಿಸಿ ಹಿಂದೊಂದು ಬಿಲ್ಲೆ ಕೂರಿಸಿದ. ಬೋಲ್ಟು ಎಳೆದು ಬಿಟ್ಟ: ಹೋಯಿತು, ಮುಟ್ಟಿತು, ನಿಂತಿತು. ಪುಟಿಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಷ್ಟು ಕೊಡಲಿ ಎಂದರೆ, "ಚಾ ಕುಡಸ್ರಿ" ಎಂದ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಇರಲಿಲ್ಲ. ಊರಿಗೆ ಬಂದ ಮೇಲೆ, ಹಿಂದೆ ಒಂದು ಬಿಲ್ಲೆ ಇಷ್ಟು ಚೆನ್ನಾಗಿ ತಡೆಯುವುದಾದರೆ ಮುಂದೂ ಒಂದು ಇದ್ದರೆ ಏನು ಚೆಂದ ಎಂದು ನನಗೆ ಹೊಳೆಯಿತು. ಜಾಬರ್ ಕೊಟ್ಟು ಉಳಿದಿದ್ದ ತೊಗಲಿನಲ್ಲಿ ಇನ್ನೊಂದು ಬಿಲ್ಲೆ ಕತ್ತರಿಸಿ ಮುಂದೆ, ಕೇಪಿನ ಜಾಗದಲ್ಲೇ, ಅಂಟು ಹಾಕಿ ಕೂರಿಸಿದೆ. ಬೋಲ್ಟು ಈಗ ರೇಷ್ಮೆಯ ಮೇಲೆ ಜಾರಿದಂತೆ ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ನಿಲ್ಲುತ್ತಿತ್ತು. ಅದರ ನಯಕ್ಕೆ ನಾನೇ ಮರುಳಾಗಿ ನೂರಾರು ಸಲ ಆಡಿಸಿದೆ, ಒಮ್ಮೆಯೂ ಕೇಪು ಇಟ್ಟು ನೋಡಲಿಲ್ಲ. ಕೇಪು ದುಬಾರಿ ಎಂದಲ್ಲ, ಅಕ್ಕನ ಹೊಸ ಗಡಿಗೆ ಕಾಂಪೌಂಡಿನ ಆ ಕಡೆಯೇ ಇತ್ತು.

ನಾಟಕದ ರಾತ್ರಿ ಬಂತು. ಹಾರ್ಮೋನಿಯಂ, ತಬಲಾ, ಪ್ಯಾಡು, ಬಾಡಿಗೆಯ ಸೀನರಿ, ಗದಗಿನಿಂದ ಬಂದ ನಾಯಕಿ. ಹತ್ತೂವರೆಗೆ ನಾಂದಿ. ಬಂದೂಕು ತಾನೇ ಸಪ್ಪಳ ಮಾಡುತ್ತದೆಂದು ನಾನು ಭರವಸೆ ಕೊಟ್ಟಿದ್ದರಿಂದ ಪಟಾಕಿ ಕಾಕಾನಿಗೆ ಈ ವರ್ಷ ಕೆಲಸವಿರಲಿಲ್ಲ. ಶಾಲು ಹೊದ್ದು ಮೊದಲ ಸಾಲಿನಲ್ಲಿ ಮಂಡಿ ಮಡಚಿ ಕೂತಿದ್ದರು. ಮುಖ ನೋಡಲಾಗುತ್ತಿರಲಿಲ್ಲ.

ಬೆಳಗಿನ ಜಾವ ಕೊನೆಯ ಅಂಕ. ಯೋಧ ಕಾರ್ಬೈನ್ ಎತ್ತಿದ. ಗಜಲಕ್ಷ್ಮಿಗೆ ಬೆಳಕು ಬಿದ್ದು ಹೆಂಗಸರ ಕಡೆಯಿಂದ ಒಂದಿಬ್ಬರು ಕೈ ಮುಗಿದದ್ದೂ ಕಂಡಿತು. ಖಳನಾಯಕ ಎದೆ ಸೆಟೆಸಿ, "ಹೊಡಿಯೋ, ಗಂಡಸಾಗಿದ್ರ ಹೊಡಿ!" ಎಂದ. ಅಳಿಯ ಕುದುರೆ ಒತ್ತಿದ.

ಬೋಲ್ಟು ಮುಂದೆ ಹೋಯಿತು. ನಾನು ಸೈಡ್‌ವಿಂಗಿನಿಂದ ಕಣ್ಣಾರೆ ಕಂಡೆ, ಎಳ್ಳಷ್ಟೂ ಪುಟಿಯಲಿಲ್ಲ. ಬಫರ್ ಸಿಸ್ಟಮ್ ಎಂದರೆ ಅದು. ಕೇಪಿಗೆ ಮಾತ್ರ ತನಗೆ ಏಟು ಬಿದ್ದದ್ದೇ ಗೊತ್ತಾಗಲಿಲ್ಲ. ಇಡೀ ಮೈದಾನ ಗಪ್‌ಚಿಪ್. ಖಳನಾಯಕ ಸಾಯಬೇಕೋ ಬೇಡವೋ ತಿಳಿಯದೆ ಎದೆಯ ಮೇಲೆ ಕೈ ಒಯ್ದು, ತಿರುಗಿ ಕೆಳಗಿಳಿಸಿ, ನಾಟಕದ ಮಾಸ್ತರರ ಕಡೆ ನೋಡಿದ. ಮಾಸ್ತರರು ನನ್ನ ಕಡೆ ನೋಡಿದರು. ನಾನು ಬಣ್ಣದ ಪೆಟ್ಟಿಗೆಯ ಹಿಂದೆ ಕೂತೆ. ಅಳಿಯ ಮತ್ತೆ ಬೋಲ್ಟು ಎಳೆದು ಒತ್ತಿದ, ಮತ್ತೆ ರೇಷ್ಮೆ.

ಆಗ ಮೊದಲ ಸಾಲಿನಿಂದ ಕಾಕಾ ಶಾಲು ಕೊಡವಿ ಎದ್ದು ನಿಂತು, ಇಷ್ಟು ವರ್ಷ ಬೀಡಿಗೆ ಒಪ್ಪಿಸಿದ್ದ ಕೆಲಸವನ್ನು ಸ್ವಂತ ಗಂಟಲಿಗೆ ಒಪ್ಪಿಸಿದರು:

"ಠೋ!"

ಖಳನಾಯಕ ದೇವರ ದಯೆ ಎಂದು ಬಿದ್ದುಬಿಟ್ಟ. ಅವನ ಜೀವನದಲ್ಲೇ ಮೊದಲ ಸಲ ಸರಿಯಾದ ಹೊತ್ತಿಗೆ ಸತ್ತಿದ್ದ. ಸೀಟಿ, ಚಪ್ಪಾಳೆ, ಒನ್ಸ್ ಮೋರ್! ಕಂಪನಿ ನಾಟಕ ನೋಡಿ ಬೆಳೆದ ಊರಲ್ಲಿ ಒನ್ಸ್ ಮೋರ್ ಬಂದರೆ ತಪ್ಪಿಸುವ ಹಾಗಿಲ್ಲ. ಹಾಡಿಗೆ ಬಂದರೆ ಹಾಡಬೇಕು, ಸಾವಿಗೆ ಬಂದರೆ ಸಾಯಬೇಕು. ಹೆಣ ಎದ್ದು ಮೈ ಧೂಳು ಝಾಡಿಸಿ, "ಹೊಡಿಯೋ, ಗಂಡಸಾಗಿದ್ರ ಹೊಡಿ!" ಎಂದಿತು. ಅಳಿಯ ಒತ್ತಿದ. ಕಾಕಾ "ಠೋ!" ಎಂದರು. ಬಿದ್ದ. ಇಷ್ಟೆಲ್ಲ ಆದ ಮೇಲೆ, ನಾಯಕಿ ಓಡಿ ಬಂದು ಗಂಡನ ಕೈಯಿಂದ ಬಂದೂಕು ಕಸಿದು ನೆಲಕ್ಕೆ ಒಗೆಯುವ ಸನ್ನಿವೇಶವಿತ್ತು. ಒಗೆದಳು. ಅಂಟು ಬಿಟ್ಟು ಮುಂದಿನ ಬಿಲ್ಲೆ ಕಳಚಿ, ಬೋಲ್ಟು ಬರಿಯ ಕೇಪಿಗೆ ಬಡಿದು ಗಜಲಕ್ಷ್ಮಿ ಕಾರ್ಬೈನ್ ಠಪ್ ಎಂದಿತು. ಹೆಣ ಕಿರುಚಿ ಎದ್ದು ಸೀನರಿಯ ಒಳಗೆ ಓಡಿತು.

ಮರುದಿನ ಪಂಚಾಯ್ತಿ ಕಟ್ಟೆಯ ಮೇಲೆ ಯೋಧನ ಪಾತ್ರದ ಬಗ್ಗೆ ಯಾರೂ ಮಾತಾಡಲಿಲ್ಲ. ಗುಳೇದಗುಡ್ಡದ ಕಡೆಯವರೊಬ್ಬರು ಬಂದು ತಮ್ಮೂರ ನಾಟಕಕ್ಕೆ ಕಾಕಾನನ್ನು ಕರೆದರು. ಹೋಗಿ ಬರುವ ಖರ್ಚು, ಊಟ, ಒಂದು ಟವೆಲ್ಲು. ಬಂದೂಕನ್ನು ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ಅಕ್ಕ ಮಾತ್ರ ಗೋಡೆಯ ಮೇಲಿಂದ, "ಲಕ್ಷ್ಮೀನ್ನ ನೆಲದ ಮ್ಯಾಲ ಒಗದ್ರಲ್ರಿ ಮಾಸ್ತರ, ಚೊಲೋ ಅಲ್ಲ ಅದು" ಎಂದಳು. ಬಡಿಗ್ಯಾರ ಅಣ್ಣನಿಗೂ ಅದೇ ಬೇಸರ.

ನಿಮ್ಮೂರಿನಲ್ಲಿ ನಾಟಕವಿದ್ದು ಬಂದೂಕಿನ ಅಡಚಣೆ ಇದ್ದರೆ ಹೇಳಿಕಳಿಸಿ. ಸಾಗವಾನಿಯದು, ತೂತಿಲ್ಲದ್ದು, ಪುಟಿಯದ್ದು, ಬಾಡಿಗೆ ಬೇಡ. ಊರ ಠಾಣೆಗೆ ಒಂದು ಮಾತು ಹೇಳುವುದು ನಿಮ್ಮ ಜವಾಬ್ದಾರಿ, 'ಠೋ' ಎನ್ನುವವರನ್ನು ಗೊತ್ತು ಮಾಡಿಕೊಳ್ಳುವುದೂ ನಿಮ್ಮದೇ. ನಮ್ಮ ಕಾಕಾ ಬರುವ ಬನದ ಹುಣ್ಣಿಮೆಯವರೆಗೆ ಖಾಲಿ ಇಲ್ಲ.